ಕೆಳಗೆ ಕಾಯುವವರ ಲೆಕ್ಕ

ಕಡಲ ತಡಿಯ ಲೈಟ್‌ಹೌಸಿಗೆ ಗುಂಪು ಕಟ್ಟಿಕೊಂಡು ಹೋಗುವ ಮೊದಲು ಯಾರಾದರೂ ಒಬ್ಬರು ಹೋಗಿ ನೋಡಿ ಬರಬೇಕು ಎಂದರೆ ಸಭೆಯಲ್ಲಿ ಯಾರೂ ಬೇಡ ಅನ್ನುವುದಿಲ್ಲ. ಹೋಗುವವರು ಯಾರು, ಯಾವತ್ತು, ಬಸ್ಸಿನ ಖರ್ಚು ಯಾರದು ಎಂಬ ಮಾತು ಬಂದಾಗ ಆ ಕೆಲಸ ಮೆಲ್ಲಗೆ ಪಟ್ಟಿಯಿಂದ ಜಾರಿಹೋಗುತ್ತದೆ. ಶಾಲೆ, ಯುವಕ ಮಂಡಲ, ಮಹಿಳಾ ಮಂಡಲ, ನಿವೃತ್ತರ ಬಳಗ, ಎಲ್ಲ ಕಡೆ ಕಂಡದ್ದು ಇದನ್ನೇ. ಗುಂಪುಗಳ ಜೊತೆ ಓಡಾಡಿದ ವರ್ಷಗಳನ್ನು ಈಗ ಒಟ್ಟಿಗೆ ನೆನೆದಾಗ, ಪ್ರವಾಸದ ದಿನಗಳಿಗಿಂತ ಅವಕ್ಕೆ ಮೊದಲು ಹೋಗಿ ಬಂದ ದಿನಗಳೇ ನನಗೆ ಹೆಚ್ಚು ಕಲಿಸಿದವು ಅನಿಸುತ್ತದೆ. ಪ್ರವಾಸದ ದಿನ ಗಮನವೆಲ್ಲ ತಲೆ ಎಣಿಸುವುದರಲ್ಲೇ ಇರುತ್ತದೆ, ಜಾಗ ಕಣ್ಣಿಗೆ ಬೀಳುವುದಿಲ್ಲ. ಮೊದಲೇ ಹೋದ ದಿನ ಜಾಗ ಕಾಣುತ್ತದೆ. ಅದರ ಜೊತೆಗೆ ಅಲ್ಲಿಗೆ ಇನ್ನೂ ಬಂದಿರದ ಗುಂಪೂ ಕಾಣಬೇಕು. ಈ ಎರಡನೆಯ ನೋಟ ಅಭ್ಯಾಸದಿಂದ ಮಾತ್ರ ಬರುವಂಥದ್ದು. ನೋಡಿ ಬರಲು ಹೋದವರು ಸಾಮಾನ್ಯವಾಗಿ ಮೊದಲನೆಯದರಲ್ಲೇ ತೃಪ್ತರಾಗುತ್ತಾರೆ: ಮೇಲೆ ಹತ್ತುತ್ತಾರೆ, ಚೆನ್ನಾಗಿದೆ ಅನ್ನುತ್ತಾರೆ, ನಾಲ್ಕು ಫೋಟೋ ತೆಗೆದುಕೊಂಡು ಬರುತ್ತಾರೆ. ಲೈಟ್‌ಹೌಸಿನ ಮಟ್ಟಿಗೆ ಹಾಗೆ ನೋಡಿ ಬಂದದ್ದಕ್ಕೂ ನೋಡದೇ ಇದ್ದದ್ದಕ್ಕೂ ದೊಡ್ಡ ವ್ಯತ್ಯಾಸವಿಲ್ಲ. ಮೇಲಿನಿಂದ ಏನು ಕಾಣುತ್ತದೆ ಎಂಬುದು ಪ್ರವಾಸದ ದಿನ ಹೇಗೂ ಎಲ್ಲರಿಗೂ ಗೊತ್ತಾಗುತ್ತದೆ. ಮೊದಲೇ ತಿಳಿದಿರಬೇಕಾದದ್ದು ಬೇರೆ. ಕೆಲವರು ಮೇಲಿರುವಾಗ ಉಳಿದವರು ಕೆಳಗೆ ಎಲ್ಲಿರುತ್ತಾರೆ, ಎಷ್ಟು ಹೊತ್ತು ಇರುತ್ತಾರೆ, ಯಾರ ಕಣ್ಣೆದುರಿಗೆ ಇರುತ್ತಾರೆ? ನೋಡಿ ಬರಲು ಹೋದವರು ಉತ್ತರ ತರಬೇಕಾದದ್ದು ಈ ಪ್ರಶ್ನೆಗೆ.

ಕಾಪುವನ್ನೇ ತೆಗೆದುಕೊಳ್ಳೋಣ. ಉಡುಪಿಯಿಂದ ದಕ್ಷಿಣಕ್ಕೆ ಸುಮಾರು 13 ಕಿ.ಮೀ. ದೂರದಲ್ಲಿ, ರಾಷ್ಟ್ರೀಯ ಹೆದ್ದಾರಿ 66ರ ಪಶ್ಚಿಮಕ್ಕೆ, ಕಡಲಿಗೆ ತಾಗಿಕೊಂಡಿರುವ ಬಂಡೆಯ ಮೇಲೆ ಆ ದೀಪಸ್ತಂಭ ನಿಂತಿದೆ. ಕಟ್ಟಿದ್ದು 1901ರಲ್ಲಿ. ಎತ್ತರ 27 ಮೀಟರಿನಷ್ಟು. ಕಪ್ಪು ಬಿಳಿ ಪಟ್ಟೆಯ ಆ ಗೋಪುರದ ಚಿತ್ರವನ್ನು ಕ್ಯಾಲೆಂಡರುಗಳಲ್ಲಿ, ಪ್ರವಾಸೋದ್ಯಮದ ಜಾಹೀರಾತುಗಳಲ್ಲಿ ನೋಡದ ಕನ್ನಡಿಗರು ಕಡಿಮೆ. ಆ ಚಿತ್ರಗಳಲ್ಲಿ ಗೋಪುರವೊಂದೇ ಇರುತ್ತದೆ, ಅಲ್ಲಿಗೆ ಮುಟ್ಟುವ ಬಗೆ ಇರುವುದಿಲ್ಲ. ಬಸ್ಸು ನಿಲ್ಲುವ ಜಾಗದಿಂದ ಮರಳು, ಮರಳಿನಿಂದ ಬಂಡೆಯ ಮೆಟ್ಟಿಲು, ಮೆಟ್ಟಿಲು ಮುಗಿದಲ್ಲಿ ಬಾಗಿಲು, ಬಾಗಿಲಿನೊಳಗೆ ಸುತ್ತಿ ಏರುವ ಮೆಟ್ಟಿಲು, ಕೊನೆಗೆ ಮೇಲಿನ ಕಟಾಂಜನದ ಸುತ್ತುಗಟ್ಟೆ. ಹೋಗುತ್ತ ಹೋಗುತ್ತ ಒಂದಕ್ಕಿಂತ ಒಂದು ಇಕ್ಕಟ್ಟು. ಇದು ಯಾರ ತಪ್ಪೂ ಅಲ್ಲ. ದೀಪಸ್ತಂಭಗಳನ್ನು ಕಟ್ಟಿದವರ ಮನಸ್ಸಿನಲ್ಲಿ ಇದ್ದದ್ದು ಕಡಲಿನಲ್ಲಿರುವ ಹಡಗು. ಒಳಗಿನ ಮೆಟ್ಟಿಲು ಮಾಡಿದ್ದು ದೀಪ ನೋಡಿಕೊಳ್ಳುವ ಒಬ್ಬಿಬ್ಬರಿಗಾಗಿ. ದೀಪಗಳು ಎಣ್ಣೆಯಲ್ಲಿ ಉರಿಯುತ್ತಿದ್ದ ಕಾಲದಲ್ಲಿ ಎಣ್ಣೆ ಹೊತ್ತುಕೊಂಡು ಹತ್ತಿ ಇಳಿಯುವ ಕೆಲಸಗಾರನಿಗೆ ಎಷ್ಟು ಅಗಲ ಬೇಕಿತ್ತೋ ಅಷ್ಟೇ ಅಗಲ ಅದಕ್ಕಿದೆ. ಕಡಲ ಗಾಳಿಗೆ ನಿಲ್ಲಬೇಕಾದ ಗೋಪುರದ ಗೋಡೆ ದಪ್ಪವಾಗಿರಬೇಕು, ಹಾಗಾಗಿ ಒಳಗಿನ ಜಾಗ ಕಡಿಮೆಯಾಗಲೇಬೇಕು. ಹತ್ತುವವರು ಇಳಿಯುವವರು ಎದುರುಬದುರಾದರೆ ಒಬ್ಬರು ಗೋಡೆಗೆ ಒತ್ತಿಕೊಂಡು ನಿಲ್ಲಬೇಕಾಗುತ್ತದೆ. ಅಂಥ ಕಟ್ಟಡಕ್ಕೆ ಐವತ್ತು ಮಂದಿಯ ಬಸ್ಸೊಂದು ಬಂದು ನಿಂತಾಗ ಗುಂಪು ಒಡೆಯಲೇಬೇಕು. ದೇವಸ್ಥಾನದಲ್ಲಿ, ವಸ್ತುಸಂಗ್ರಹಾಲಯದಲ್ಲಿ, ತೋಟದಲ್ಲಿ ಐವತ್ತು ಮಂದಿ ಒಟ್ಟಿಗೆ ಇರಬಹುದು. ಲೈಟ್‌ಹೌಸಿನಲ್ಲಿ ಅದು ಸಾಧ್ಯವಿಲ್ಲ.

ಒಂದು ಅಂದಾಜಿನ ಲೆಕ್ಕ ಹಾಕಿ ನೋಡಬಹುದು. ಐವತ್ತು ಮಂದಿಯನ್ನು ಹತ್ತು ಹತ್ತರಂತೆ ಐದು ತಂಡ ಮಾಡಿದರೆ, ಹತ್ತುವುದಕ್ಕೆ, ಮೇಲೆ ನಿಂತು ನೋಡುವುದಕ್ಕೆ, ಇಳಿಯುವುದಕ್ಕೆ ಒಂದೊಂದು ತಂಡಕ್ಕೆ 20 ನಿಮಿಷ ಬೇಕು ಎಂದುಕೊಳ್ಳೋಣ. ಒಟ್ಟು 100 ನಿಮಿಷ. ಇದರಲ್ಲಿ ಪ್ರತಿಯೊಬ್ಬರೂ ಗೋಪುರದಲ್ಲಿರುವುದು 20 ನಿಮಿಷ, ಉಳಿದ 80 ನಿಮಿಷ ಕೆಳಗೆ. ಯಾವ ಗಳಿಗೆಯಲ್ಲಿ ನೋಡಿದರೂ ಹತ್ತು ಮಂದಿ ಮೇಲೆ, ನಲವತ್ತು ಮಂದಿ ದಂಡೆಯ ಮೇಲೆ. ಪ್ರವಾಸದ ಹೆಸರು ಲೈಟ್‌ಹೌಸಿನದಾದರೂ ಐದರಲ್ಲಿ ನಾಲ್ಕು ಪಾಲು ಹೊತ್ತನ್ನು ಮಕ್ಕಳು ಕಳೆಯುವುದು ಕಡಲಿನ ಬುಡದಲ್ಲಿ, ಏನೂ ಕೆಲಸವಿಲ್ಲದೆ. ಈ ಲೆಕ್ಕ ತಿಳಿದ ಮೇಲೆ ನನ್ನ ಮಟ್ಟಿಗೆ ಲೈಟ್‌ಹೌಸ್ ಪ್ರವಾಸದ ಅರ್ಥವೇ ಬದಲಾಯಿತು. ಅಂಕಿಗಳು ಊರಿಂದೂರಿಗೆ, ಗುಂಪಿನಿಂದ ಗುಂಪಿಗೆ ಹೆಚ್ಚು ಕಡಿಮೆಯಾಗಬಹುದು. ಬೇರೆ ಶಾಲೆಯ ಬಸ್ಸೂ ಅದೇ ಹೊತ್ತಿಗೆ ಬಂದಿದ್ದರೆ ಕಾಯುವಿಕೆ ಎರಡು ಪಟ್ಟಾಗುತ್ತದೆ. ವಯಸ್ಸಾದವರ ಗುಂಪಾದರೆ ಒಂದೊಂದು ತಂಡಕ್ಕೆ ಅರ್ಧ ಗಂಟೆ ಬೇಕು. ಮೊಣಕಾಲು ನೋವಿನವರು, ಉಬ್ಬಸದವರು, ಎತ್ತರಕ್ಕೆ ಹೆದರುವವರು ಹತ್ತುವುದೇ ಇಲ್ಲ, ಅವರ ಪಾಲಿಗೆ ಪ್ರವಾಸವಿಡೀ ಕಾಯುವುದೇ. ಅವರು ಕೂರುವ ನೆರಳು ಎಲ್ಲಿದೆ ಎಂದು ನೋಡಿ ಬರುವುದು ಗೋಪುರದ ಮೆಟ್ಟಿಲು ಎಣಿಸಿ ಬರುವುದಕ್ಕಿಂತ ಮುಖ್ಯ. ಇದಕ್ಕೆ ಹೊತ್ತಿನ ತೊಡಕೂ ಸೇರುತ್ತದೆ. ಕಾಪುವಿನಲ್ಲಿ ಬಹುಕಾಲದಿಂದ ಸಂಜೆಯ ಹೊತ್ತಿನಲ್ಲೇ ಜನರನ್ನು ಮೇಲೆ ಬಿಡುವ ರೂಢಿ. ಡಿಸೆಂಬರ್ ಮೊದಲ ವಾರ ನಮ್ಮ ಕರಾವಳಿಯಲ್ಲಿ ಸೂರ್ಯ ಮುಳುಗುವುದು ಆರು ಗಂಟೆ ದಾಟಿ ಕೆಲವೇ ನಿಮಿಷಗಳಲ್ಲಿ, ಜನವರಿ ಕೊನೆಗೆ ಆರೂವರೆಯ ಹೊತ್ತಿಗೆ. ಐದು ಗಂಟೆಗೆ ಬಂದಿಳಿದ ಬಸ್ಸಿಗೆ 100 ನಿಮಿಷ ಎಲ್ಲಿಂದ ಬರಬೇಕು? ಕೊನೆಯ ತಂಡ ಇಳಿಯುವ ಹೊತ್ತಿಗೆ ಕತ್ತಲೆ, ಬಂಡೆಯ ಮೆಟ್ಟಿಲು ಕಾಣದು, ಕೆಳಗಿನ ನಲವತ್ತು ಮಂದಿ ನಲವತ್ತು ದಿಕ್ಕಿಗೆ.

ಕೆಳಗಿನ ಹೊತ್ತಿನ ಬಗ್ಗೆ ಇಷ್ಟು ಚಿಂತೆ ಏಕೆ ಎಂದು ಕೇಳುವವರಿಗೆ ನಮ್ಮ ಕರಾವಳಿಯ ಇತ್ತೀಚಿನ ವರ್ಷಗಳನ್ನು ನೆನಪಿಸಬೇಕಾಗುತ್ತದೆ. 2022ರ ಏಪ್ರಿಲ್‌ನಲ್ಲಿ ಮಲ್ಪೆಯ ಆಚೆಯ ಸೇಂಟ್ ಮೇರಿಸ್ ದ್ವೀಪಕ್ಕೆ ಬಂದಿದ್ದ ಕೇರಳದ ಎಂಜಿನಿಯರಿಂಗ್ ಕಾಲೇಜೊಂದರ ಮೂವರು ವಿದ್ಯಾರ್ಥಿಗಳು ನೀರುಪಾಲಾದರು. 2024ರ ಡಿಸೆಂಬರ್‌ನಲ್ಲಿ ಮುರುಡೇಶ್ವರದಲ್ಲಿ, ಕೋಲಾರ ಜಿಲ್ಲೆಯ ವಸತಿ ಶಾಲೆಯೊಂದರಿಂದ ಪ್ರವಾಸಕ್ಕೆ ಬಂದಿದ್ದ ನಾಲ್ವರು ಬಾಲಕಿಯರು ಕಡಲಿನಲ್ಲಿ ಮುಳುಗಿ ತೀರಿಕೊಂಡರು. ಆ ದುರಂತಗಳಲ್ಲಿ ಯಾರದೆಷ್ಟು ತಪ್ಪು ಎಂದು ಹೇಳಲು ನಾನು ಹೊರಟಿಲ್ಲ, ಅದನ್ನು ಹೇಳುವ ಅಧಿಕಾರವೂ ನನಗಿಲ್ಲ. ಅವುಗಳ ಕಾಲವನ್ನು ಮಾತ್ರ ಗಮನಿಸಬೇಕೆಂದು ಕೇಳುತ್ತೇನೆ. ಎರಡೂ ನಡೆದದ್ದು ಮಳೆಗಾಲದಲ್ಲಲ್ಲ. ಜೂನ್ ಜುಲೈಯಲ್ಲಿ ಕಡಲು ತಾನಾಗಿಯೇ ಎಚ್ಚರಿಕೆ ಕೊಡುತ್ತದೆ. ಆಗ ಯಾಂತ್ರಿಕ ದೋಣಿಗಳ ಮೀನುಗಾರಿಕೆಯೂ ನಿಷಿದ್ಧ, ಅಲೆಯ ಸದ್ದಿಗೇ ಬಯಲುಸೀಮೆಯ ಮಗು ಹಿಂದೆ ಸರಿಯುತ್ತದೆ. ಡಿಸೆಂಬರಿನ ಕಡಲು ಹಾಗಲ್ಲ. ಅದು ತಿಳಿಯಾಗಿ, ಮೊಣಕಾಲಿನ ತನಕ ಕರೆಯುವಂತೆ ಇರುತ್ತದೆ. ಮರಳು ಕಾಲಡಿಯಲ್ಲಿ ಸರಿಯುವುದು, ದಡಕ್ಕೆ ಬಂದ ನೀರು ಒಂದು ಕಡೆಯಿಂದ ಒಟ್ಟಾಗಿ ಹೊರಗೆ ಎಳೆಯುವುದು, ಬಂಡೆಯ ಪಕ್ಕದಲ್ಲಿ ತಟ್ಟನೆ ಆಳವಾಗುವುದು, ಇವೆಲ್ಲ ತಿಳಿಯಾದ ಕಡಲಿನಲ್ಲೂ ಇರುವಂಥವೇ. ಮೀನುಗಾರರ ಮನೆಯ ಮಗುವಿಗೆ ಇದು ಹೇಳಿಕೊಡದೆ ಗೊತ್ತು. ಕೆರೆ ಮಾತ್ರ ಕಂಡ ಮಗುವಿಗೆ ಹೇಳಿಕೊಟ್ಟರೂ ನಂಬಿಕೆ ಬರುವುದಿಲ್ಲ. ಕಡಲನ್ನು ಮೊದಲ ಬಾರಿ ನೋಡುವ ಮಗುವನ್ನು ಅದರ ಪಕ್ಕದಲ್ಲಿ 80 ನಿಮಿಷ ಸುಮ್ಮನೆ ನಿಲ್ಲು ಎಂದು ಹೇಳಿ ನಾವು ಮೆಟ್ಟಿಲು ಹತ್ತಿಬಿಡುವುದು ಸರಿಯಾದ ಏರ್ಪಾಡಲ್ಲ.

ಇಲ್ಲಿಗೆ ನನ್ನ ವಾದದ ತಿರುಳು ಬಂತು. ಮೊದಲೇ ಹೋಗಿ ನೋಡಿ ಬರುವುದರಿಂದ ಸಿಗುವ ದೊಡ್ಡ ಲಾಭ ಮಾಹಿತಿಯಲ್ಲ, ಗುಂಪಿನ ಮುಂದಾಳು ಕೆಳಗೆ ಉಳಿಯಬಲ್ಲ ಎಂಬುದು. ಜಾಗವನ್ನು ಹೊಸದಾಗಿ ನೋಡುತ್ತಿರುವ ಮೇಷ್ಟರಿಗೂ ಮನಸ್ಸಿದೆ. ಅವರೂ ಊರಿನಿಂದ ಅಷ್ಟು ದೂರ ಬಂದವರು, ಅವರಿಗೂ ಮೇಲೆ ಹತ್ತಬೇಕು ಅನಿಸುತ್ತದೆ. ಹಾಗೆ ಅನಿಸುವುದರಲ್ಲಿ ತಪ್ಪೇನಿಲ್ಲ. ಮೊದಲ ತಂಡದ ಜೊತೆ ದಾರಿ ತೋರಿಸುವ ನೆಪದಲ್ಲಿ ಹಿರಿಯರು ಹೋಗುತ್ತಾರೆ, ಎರಡನೆಯದರ ಜೊತೆ ಇನ್ನೊಬ್ಬರು, ಕೆಳಗೆ ಉಳಿಯುವುದು ಎಲ್ಲರಿಗಿಂತ ಕಿರಿಯರಾದ, ಮಕ್ಕಳಿಗೆ ಗದರಲು ಅಂಜುವ, ಹೊಸದಾಗಿ ಕೆಲಸಕ್ಕೆ ಸೇರಿದವರು. ನಲವತ್ತು ಮಂದಿಯ ಹೊಣೆ ಗುಂಪಿನಲ್ಲೇ ಅನುಭವ ಕಡಿಮೆಯಿದ್ದವರ ಹೆಗಲಿಗೆ ಬೀಳುತ್ತದೆ. ನಾನು ಕಂಡ ಎಷ್ಟೋ ಪ್ರವಾಸಗಳಲ್ಲಿ ಹೊಣೆ ಹೀಗೆಯೇ ಹಂಚಿಹೋಗಿತ್ತು, ಯಾರೂ ಬೇಕೆಂದು ಹಂಚಿದ್ದಲ್ಲ. ಮೊದಲೇ ಬಂದು ಹತ್ತಿ, ಕಡಲು ನೋಡಿ, ಗಾಳಿ ತಿಂದು ಇಳಿದವರಿಗೆ ಆ ಆಸೆ ತೀರಿರುತ್ತದೆ. ಪ್ರವಾಸದ ದಿನ ಅವರು ಬಂಡೆಯ ಬುಡದಲ್ಲಿ, ಮರಳಿಗೂ ಮೆಟ್ಟಿಲಿಗೂ ನಡುವೆ, ಎರಡೂ ಕಡೆ ಕಣ್ಣು ಹಾಯುವಲ್ಲಿ ನಿಲ್ಲಬಲ್ಲರು. ಆ ಜಾಗ ಯಾವುದು ಎಂಬುದನ್ನೂ ಅವರು ಮೊದಲ ಸಲ ಬಂದಾಗಲೇ ಗೊತ್ತುಮಾಡಿಕೊಂಡಿರುತ್ತಾರೆ. ಹೀಗಾಗಿ ನೋಡಿ ಬರಲು ಯಾರನ್ನು ಕಳಿಸಬೇಕು ಎಂಬುದಕ್ಕೆ ಉತ್ತರ ಇಲ್ಲೇ ಇದೆ: ಪ್ರವಾಸದ ದಿನ ಕೆಳಗೆ ನಿಲ್ಲುವವರು ಯಾರೋ ಅವರನ್ನು. ಬಿಡುವಿದ್ದವರನ್ನು, ಬೈಕ್ ಇದ್ದವರನ್ನು, ಆ ಕಡೆಗೆ ಹೇಗೂ ಹೋಗುವವರನ್ನು ಕಳಿಸಿ ಅವರ ಬಾಯಿಂದ ವರದಿ ಕೇಳಿಕೊಂಡರೆ ಕೆಲಸ ಮುಗಿದಂತೆ ಕಾಣುತ್ತದೆ, ಮುಗಿದಿರುವುದಿಲ್ಲ. ಒಬ್ಬರು ಕಂಡದ್ದನ್ನು ಇನ್ನೊಬ್ಬರಿಗೆ ಹೇಳಿ ಒಪ್ಪಿಸಬಹುದು, ಹತ್ತುವ ಆಸೆಯನ್ನು ಒಬ್ಬರು ಇನ್ನೊಬ್ಬರ ಪರವಾಗಿ ತೀರಿಸಿಕೊಂಡು ಬರಲಾಗುವುದಿಲ್ಲ.

ಎಲ್ಲವೂ ಫೋನಿನಲ್ಲೇ ಸಿಗುವಾಗ ಹೋಗುವುದೇಕೆ ಎಂದು ಕೇಳುವವರಿದ್ದಾರೆ. ಇದು ಹಗುರವಾಗಿ ತಳ್ಳಿಹಾಕುವ ಮಾತಲ್ಲ. ದಾರಿ, ದೂರ, ಉಪಗ್ರಹದ ಚಿತ್ರ, ಹೋದವರ ವಿಡಿಯೊ, ಟಿಕೆಟ್ಟಿನ ದರ, ಎಲ್ಲ ಅಲ್ಲಿವೆ. ಹಿಂದೆ ಅರ್ಧ ದಿನ ಅಲೆದು ತಿಳಿಯಬೇಕಾಗಿದ್ದನ್ನು ಈಗ ಐದು ನಿಮಿಷದಲ್ಲಿ ತಿಳಿಯಬಹುದು, ತಿಳಿದುಕೊಂಡೇ ಹೋಗಬೇಕು ಕೂಡ. ಆದರೆ ಫೋನಿನಲ್ಲಿರುವುದು ಜನ ತೋರಿಸಬೇಕೆಂದು ತೆಗೆದ ಚಿತ್ರಗಳು. ಕಾಯುವವರ ಸಾಲನ್ನು ಯಾರೂ ಚಿತ್ರ ತೆಗೆಯುವುದಿಲ್ಲ. ಹೆಣ್ಣುಮಕ್ಕಳ ಶೌಚಾಲಯಕ್ಕೆ ಬೀಗ ಹಾಕಿದೆಯೇ, ಒಳಗೆ ನೀರಿದೆಯೇ ಎಂಬುದನ್ನು ಯಾವ ನಕ್ಷೆಯೂ ಹೇಳುವುದಿಲ್ಲ. ಕಾಪುವಿನಲ್ಲಿ ಹೆದ್ದಾರಿ ಚತುಷ್ಪಥವಾದ ಮೇಲೆ ಮಂಗಳೂರಿನ ಕಡೆಯಿಂದ ಬರುವ ಬಸ್ಸು ನೇರವಾಗಿ ಎಡಕ್ಕೆ ತಿರುಗಿ ಕಡಲಿನ ದಾರಿ ಹಿಡಿಯುತ್ತದೆ, ಉಡುಪಿಯ ಕಡೆಯಿಂದ ಬರುವ ಬಸ್ಸು ಹೆದ್ದಾರಿಯ ಆಚೆ ಬದಿಗೆ ದಾಟಬೇಕಾಗುತ್ತದೆ. ನಕ್ಷೆಯಲ್ಲಿ ಎರಡೂ ಒಂದೇ ಬಣ್ಣದ ಗೆರೆ. ತೆರೆಯುವ ಹೊತ್ತು ಜಾಲತಾಣದಲ್ಲಿ ಬರೆದಿದ್ದೊಂದು, ಬಾಗಿಲಲ್ಲಿ ನಿಂತವರು ಹೇಳುವುದು ಇನ್ನೊಂದು ಆಗಿರುವುದು ನಮ್ಮ ದೇಶದಲ್ಲಿ ಅಪರೂಪವಲ್ಲ. ಒಂದು ಸಲಕ್ಕೆ ಎಷ್ಟು ಮಂದಿಯನ್ನು ಮೇಲೆ ಬಿಡುತ್ತೀರಿ ಎಂಬ ಪ್ರಶ್ನೆಗೆ ಉತ್ತರ ಸಿಗುವುದು ಬಾಗಿಲಲ್ಲಿರುವವರ ಬಾಯಿಂದ ಮಾತ್ರ, ಮೇಲೆ ಹೇಳಿದ ಲೆಕ್ಕವೆಲ್ಲ ನಿಂತಿರುವುದು ಆ ಒಂದು ಉತ್ತರದ ಮೇಲೆ. ಅಲ್ಲದೆ, ಎದುರುಬದುರು ಮಾತಾಡಿ ಬಂದವರನ್ನು ಬಾಗಿಲಿನವರು, ಅಲ್ಲಿನ ಜೀವರಕ್ಷಕರು, ಎಳನೀರು ಅಂಗಡಿಯವರು ಗುರುತು ಹಿಡಿಯುತ್ತಾರೆ. ಇಂಥ ದಿನ ಇಷ್ಟು ಮಕ್ಕಳನ್ನು ಕರೆತರುತ್ತೇವೆ, ಸ್ವಲ್ಪ ನೋಡಿಕೊಳ್ಳಿ ಅಣ್ಣಾ ಎಂದು ಹೇಳಿ ಬಂದಿದ್ದರೆ ಕರಾವಳಿಯ ಜನ ಆ ಮಾತನ್ನು ಮರೆಯುವುದಿಲ್ಲ. ಅದು ಅವರ ಬಗ್ಗೆ ನನಗಿರುವ ದೃಢವಾದ ನಂಬಿಕೆ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಬೇರೆ ಇದೆ. ಕಡಲು ದಿನಕ್ಕೊಂದು ತರ, ಇವತ್ತು ನೋಡಿ ಬಂದದ್ದು ಪ್ರವಾಸದ ದಿನಕ್ಕೆ ಹೇಗೆ ಉಪಯೋಗವಾದೀತು? ಕೇಳುವವರ ಕಡೆಗೆ ಬಹಳ ನ್ಯಾಯವಿದೆ, ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ ನೋಡಿ ಬಂದವರು ತಪ್ಪು ಧೈರ್ಯ ತಂದುಕೊಳ್ಳುತ್ತಾರೆ. ಉಬ್ಬರ ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋಗುತ್ತದೆ. ಒಂದು ಉಬ್ಬರಕ್ಕೂ ಮುಂದಿನ ಉಬ್ಬರಕ್ಕೂ ನಡುವೆ ಹನ್ನೆರಡು ಗಂಟೆ ಇಪ್ಪತ್ತೈದು ನಿಮಿಷದಷ್ಟು ಅಂತರ. ಈಗ ಹೆಚ್ಚಿನವರು ಮಾಡುವಂತೆ ಪ್ರವಾಸದ ಹಿಂದಿನ ಭಾನುವಾರ ಹೋಗಿ ಬಂದರು ಎಂದುಕೊಳ್ಳಿ. ಏಳು ದಿನಕ್ಕೆ ತಡವಾಗುವುದು ಸುಮಾರು ಆರು ಗಂಟೆ, ಅಂದರೆ ಉಬ್ಬರವಿದ್ದ ಹೊತ್ತಿಗೆ ಇಳಿತ, ಇಳಿತವಿದ್ದ ಹೊತ್ತಿಗೆ ಉಬ್ಬರ. ನಾಲ್ಕು ಗಂಟೆಗೆ ಅಗಲವಾದ ಒದ್ದೆ ಮರಳು ನೋಡಿ, ಮಕ್ಕಳನ್ನು ಇಲ್ಲೇ ಕೂರಿಸಬಹುದು ಎಂದು ಗೊತ್ತುಮಾಡಿ ಬಂದಿದ್ದರೆ, ಮುಂದಿನ ಭಾನುವಾರ ಅದೇ ನಾಲ್ಕು ಗಂಟೆಗೆ ಆ ಮರಳಿನ ಮೇಲೆ ನೀರು ನಿಂತಿರುತ್ತದೆ. ನಮ್ಮ ಕರಾವಳಿಯಲ್ಲಿ ಉಬ್ಬರ ಇಳಿತಗಳ ನಡುವಿನ ಎತ್ತರ ಹೆಚ್ಚೆಂದರೆ ಒಂದೆರಡು ಮೀಟರ್, ಆದರೂ ಇಳಿಜಾರು ಕಡಿಮೆಯಿರುವ ದಂಡೆಯಲ್ಲಿ ಒಂದು ಮೀಟರ್ ಏರಿದ ನೀರು ಹತ್ತಾರು ಅಡಿ ಮರಳನ್ನು ಮುಚ್ಚಬಲ್ಲದು. ಇದಕ್ಕೆ ಪರಿಹಾರ ಗೋಡೆಯ ಮೇಲಿನ ಪಂಚಾಂಗದ ಕ್ಯಾಲೆಂಡರಿನಲ್ಲೇ ಇದೆ. ಉಬ್ಬರ ನಡೆಯುವುದು ತಿಥಿಯ ಲೆಕ್ಕದಲ್ಲಿ. ಶುಕ್ಲ ಪಂಚಮಿಯ ಉಬ್ಬರ ಬರುವ ಹೊತ್ತಿಗೇ ಹೆಚ್ಚು ಕಡಿಮೆ ಕೃಷ್ಣ ಪಂಚಮಿಯ ಉಬ್ಬರವೂ ಬರುತ್ತದೆ. ಹುಣ್ಣಿಮೆ ಅಮಾವಾಸ್ಯೆಗಳ ಆಸುಪಾಸಿನಲ್ಲಿ ಏರಿಳಿತ ಜೋರು, ಅಷ್ಟಮಿಯ ಆಸುಪಾಸಿನಲ್ಲಿ ಸಣ್ಣದು. ಹಾಗಾಗಿ ಪ್ರವಾಸಕ್ಕೆ ಎರಡು ವಾರ ಮೊದಲು, ಅದೇ ವಾರ, ಅದೇ ಹೊತ್ತಿಗೆ ಹೋದವರು ಬಹುಮಟ್ಟಿಗೆ ಆ ದಿನದ ಕಡಲನ್ನೇ ನೋಡಿ ಬರುತ್ತಾರೆ. ವಾರದ ರಜೆಯ ಜನಸಂದಣಿ, ಬಸ್ಸು ನಿಲ್ಲಿಸಲು ಸಿಗುವ ಜಾಗ, ಸೂರ್ಯ ಇಳಿಯುವ ಹೊತ್ತು, ಎಲ್ಲವೂ ಆಗ ಹತ್ತಿರ ಹತ್ತಿರ ಹೊಂದುತ್ತವೆ. ಪೂರ್ತಿ ಹೊಂದುವುದಿಲ್ಲ ಎಂಬುದನ್ನೂ ಹೇಳಬೇಕು. ಉಬ್ಬರ ಅರ್ಧ ಗಂಟೆಗಿಂತ ಸ್ವಲ್ಪ ಹೆಚ್ಚು ಮೊದಲೇ ಬರುತ್ತದೆ, ದಿನದ ಎರಡು ಉಬ್ಬರಗಳು ನಮ್ಮಲ್ಲಿ ಸಮ ಎತ್ತರದವಲ್ಲವಾದ್ದರಿಂದ ಮೊದಲು ಕಂಡದ್ದು ಸಣ್ಣದಾಗಿ ಆ ದಿನದ್ದು ದೊಡ್ಡದಾಗಿರಬಹುದು. ಕಂಡ ಗೆರೆಗಿಂತ ಮೇಲಕ್ಕೆ, ಒಣ ಮರಳಿನಲ್ಲಿ ಜಾಗ ಗೊತ್ತುಮಾಡಿಕೊಂಡರೆ ಆ ವ್ಯತ್ಯಾಸವೂ ಕಳೆಯುತ್ತದೆ. ತಿಂಗಳುಗಟ್ಟಲೆ ಮೊದಲು ಹೋಗುವುದು ಮಾತ್ರ ವ್ಯರ್ಥ. ಮಳೆಗಾಲದ ಅಲೆಗಳು ಕೊಚ್ಚಿಕೊಂಡು ಹೋದ ಮರಳು ಮತ್ತೆ ದಂಡೆಗೆ ಬಂದು ಸೇರಲು ತಿಂಗಳುಗಳು ಬೇಕು, ಸೆಪ್ಟೆಂಬರಿನ ದಂಡೆ ಜನವರಿಯ ದಂಡೆಯಲ್ಲ.

ಲೆಕ್ಕಕ್ಕೆ ಸಿಗದ ಕಡಲೂ ಇದೆ. ನಮ್ಮಲ್ಲಿ ಗಾಳಿಯೇ ಇಲ್ಲದ ದಿನ, ದೂರದ ದಕ್ಷಿಣ ಹಿಂದೂ ಮಹಾಸಾಗರದಲ್ಲಿ ಎದ್ದ ಬಿರುಗಾಳಿಯ ಅಲೆಗಳು ಸಾವಿರಾರು ಕಿಲೋಮೀಟರ್ ಹರಿದು ಬಂದು ಈ ದಂಡೆಗೆ ಬಡಿಯುವುದುಂಟು. ಕೇರಳದ ಮೀನುಗಾರರು ಅದನ್ನು ಕಳ್ಳಕ್ಕಡಲ್ ಅನ್ನುತ್ತಾರೆ. ಹೈದರಾಬಾದಿನಲ್ಲಿರುವ ಭಾರತೀಯ ರಾಷ್ಟ್ರೀಯ ಸಾಗರ ಮಾಹಿತಿ ಸೇವಾ ಕೇಂದ್ರ, ಅಂದರೆ ಇನ್‌ಕಾಯಿಸ್, ಇದರ ಬಗ್ಗೆ ಮುನ್ನೆಚ್ಚರಿಕೆ ಕೊಡುತ್ತದೆ. ಎರಡು ವಾರ ಮೊದಲು ಹೋಗಿ ಬಂದವರಿಗೆ ಇದು ತಿಳಿಯುವ ಬಗೆಯಿಲ್ಲ. ಪ್ರವಾಸದ ದಿನ ಬೆಳಿಗ್ಗೆ ಎಚ್ಚರಿಕೆ ನೋಡಿ, ದಂಡೆಯವರಿಗೆ ಫೋನ್ ಮಾಡಿ ಕೇಳಬೇಕು, ಬೇಡ ಎಂದರೆ ಬಸ್ಸನ್ನು ಬೇರೆ ಕಡೆಗೆ ತಿರುಗಿಸಬೇಕು. ಆದರೆ ಹಾಗೆ ತಿರುಗಿಸಲು ಬೇರೆ ಕಡೆ ಯಾವುದು ಎಂದು ಗೊತ್ತಿರಬೇಕಲ್ಲ? ಫೋನ್ ಮಾಡಲು ದಂಡೆಯಲ್ಲಿ ಒಬ್ಬರ ನಂಬರ್ ಇರಬೇಕಲ್ಲ? ಅವೆರಡನ್ನೂ ತರುವವರು ಮೊದಲೇ ಹೋಗಿ ಬಂದವರೇ. ಐವತ್ತು ಮಂದಿಯನ್ನು ಕೂರಿಸಿಕೊಂಡು ಆರು ಗಂಟೆ ಪ್ರಯಾಣ ಮಾಡಿ ಬಂದ ಬಸ್ಸಿನಲ್ಲಿ ಕಡಲಿಗೆ ಇಳಿಯುವುದು ಬೇಡ ಎಂಬ ಮಾತು ಯಾರ ಬಾಯಿಂದಲೂ ಸುಲಭವಾಗಿ ಹೊರಡುವುದಿಲ್ಲ. ಪರ್ಯಾಯ ಸಿದ್ಧವಿದ್ದಾಗ ಅದು ಹೊರಡುತ್ತದೆ.

ಪ್ರವಾಸ ಏಜೆನ್ಸಿಯವರಿಗೆ ಒಪ್ಪಿಸಿದರೆ ಮುಗಿಯಿತಲ್ಲ ಅನ್ನುವವರಿಗೆ ಹೆಚ್ಚು ಹೇಳುವುದು ಬೇಕಿಲ್ಲ. ಅವರಿಗೆ ಜಾಗ ಗೊತ್ತು, ಗುಂಪು ಗೊತ್ತಿಲ್ಲ. ಏಳನೇ ತರಗತಿಯಲ್ಲಿ ಯಾರು ಹೇಳಿದ ಮಾತು ಕೇಳುವುದಿಲ್ಲ, ಯಾರಿಗೆ ಮೂರ್ಛೆ ರೋಗ, ಯಾರು ಯಾರ ಜೊತೆ ಸೇರಿದರೆ ನೀರಿಗಿಳಿಯುತ್ತಾರೆ ಎಂಬುದು ದಿನವೂ ಅವರನ್ನು ನೋಡುವವರಿಗಷ್ಟೇ ತಿಳಿದ ಸಂಗತಿ. ಬೋಟಿನಲ್ಲಿ ಹೋಗಬೇಕಾದ ಜಾಗಗಳಲ್ಲಿ ಈ ಮಾತಿಗೆ ಇನ್ನೂ ತೂಕ ಬರುತ್ತದೆ. ಕಾರವಾರದ ಎದುರಿನ ದೇವಗಡ ದ್ವೀಪದಲ್ಲಿರುವ, 1864ರಷ್ಟು ಹಳೆಯ ದೀಪಸ್ತಂಭದಂಥ ಕಡೆಗೆ ಗುಂಪು ಹೊರಟರೆ, ಒಡೆದ ಗುಂಪಿನ ಎರಡು ಪಾಲುಗಳ ನಡುವೆ ಕಡಲೇ ಇರುತ್ತದೆ.

ಇನ್ನು ಮನಸ್ಸಿಗೆ ಹತ್ತಿರವಾದ ಒಂದು ಆಕ್ಷೇಪ. ಮೊದಲೇ ನೋಡಿ, ಅಳೆದು, ನಿಮಿಷ ನಿಮಿಷಕ್ಕೂ ಲೆಕ್ಕವಿಟ್ಟು ಕರೆದೊಯ್ದರೆ ಪ್ರವಾಸದ ಸಂತೋಷ ಉಳಿಯುತ್ತದೆಯೇ? ಅಚ್ಚರಿಯಿಲ್ಲದ ಪ್ರವಾಸ ಪಾಠದ ಹಾಗೆ ಆಗುವುದಿಲ್ಲವೇ? ಅಚ್ಚರಿಯನ್ನು ಬಿಟ್ಟುಕೊಡುವವರು ಹೋಗಿ ಬಂದ ಒಬ್ಬಿಬ್ಬರು ಮಾತ್ರ, ಉಳಿದ ಐವತ್ತು ಮಂದಿಗೆ ಅದು ಇದ್ದಂತೆಯೇ ಇರುತ್ತದೆ. ಸರದಿ ಯಾವಾಗ ಬರುತ್ತದೋ, ಬರುತ್ತದೋ ಇಲ್ಲವೋ ಎಂದು ತಿಳಿಯದೆ ನಿಂತ ಮಗುವಿಗೆ ಇರುವುದು ಅಚ್ಚರಿಯಲ್ಲ, ಬೇಸರ. ಬೇಸರವೇ ಮಕ್ಕಳನ್ನು ನೀರಿನ ಕಡೆಗೆ ಒಯ್ಯುವುದು. ಕಾಯುವ ಹೊತ್ತು ಎಷ್ಟು ಎಂದು ಮೊದಲೇ ಗೊತ್ತಿದ್ದವರು ಅದನ್ನು ತುಂಬಲು ಏನಾದರೂ ಹೊಂದಿಸಿಕೊಂಡು ಬರುತ್ತಾರೆ. ಬುತ್ತಿ ಬಿಚ್ಚುವುದು ಆ ಹೊತ್ತಿಗೆ, ಹಾಡು ಆ ಹೊತ್ತಿಗೆ, ಮಾತು ಆ ಹೊತ್ತಿಗೆ. ಹೇಳಲು ವಿಷಯಕ್ಕೇನು ಕೊರತೆ? ದಂಡೆಯಲ್ಲಿ ನಿಂತ ಮಗುವಿಗೆ ಕಡಲು ಆಕಾಶವನ್ನು ಮುಟ್ಟುವ ಗೆರೆ ಇರುವುದು ಸುಮಾರು ನಾಲ್ಕು ಕಿಲೋಮೀಟರ್ ದೂರದಲ್ಲಿ. ಅದೇ ಮಗು 27 ಮೀಟರ್ ಎತ್ತರಕ್ಕೆ ಏರಿದರೆ ಆ ಗೆರೆ 18 ಕಿಲೋಮೀಟರ್ ಆಚೆಗೆ ಸರಿಯುತ್ತದೆ. ಕೆಳಗಿನಿಂದ ಕಾಣದ ದೋಣಿ ಮೇಲಿನಿಂದ ಕಾಣುತ್ತದೆ, ಹಾಗಾಗಿಯೇ ದೀಪವನ್ನು ಎತ್ತರದಲ್ಲಿ ಇಡಬೇಕಾಯಿತು. ಇದನ್ನು ಕೆಳಗೆ ಕೂತಾಗ ಕೇಳಿ, ಮೇಲೆ ಹೋಗಿ ತಾನೇ ನೋಡಿ, ಇಳಿದು ಬಂದು ಕೂತವರಿಗೆ ಹೇಳುವ ಮಗುವಿಗೆ ಆ ದಿನ ಬಹುಕಾಲ ನೆನಪಿರುತ್ತದೆ. ಪ್ರಖರವಾದ ಒಂದು ದೀಪದ ಬೆಳಕನ್ನು ಚೆದುರದಂತೆ ಒಂದೇ ಕಡೆಗೆ ಕಳಿಸುವ ಗಾಜಿನ ವಿದ್ಯೆಯನ್ನು ಫ್ರಾನ್ಸಿನ ಫ್ರೆನೆಲ್ 1820ರ ದಶಕದಲ್ಲಿ ಸಾಧಿಸಿದ, ಒಂದೊಂದು ದೀಪಸ್ತಂಭ ಒಂದೊಂದು ಲಯದಲ್ಲಿ ಮಿನುಗುವುದರಿಂದಲೇ ನಾವಿಕರು ಊರು ಗುರುತಿಸುತ್ತಾರೆ ಎಂಬುದನ್ನೂ ಅಲ್ಲೇ ಹೇಳಬಹುದು. ಈ ಪಾಠಕ್ಕೆ ಕಡಲ ದಂಡೆಗಿಂತ ಒಳ್ಳೆಯ ತರಗತಿ ಕೋಣೆ ಇಲ್ಲ.

ಉಳಿದದ್ದು ಖರ್ಚಿನ ಮಾತು, ನಿಜವಾದ ತೊಡಕು ಇರುವುದು ಅಲ್ಲಿಯೇ. ಮೊದಲೇ ಹೋಗಿ ಬರುವ ಶಿಕ್ಷಕರು ತಮ್ಮ ಭಾನುವಾರ ಕಳೆದುಕೊಳ್ಳುತ್ತಾರೆ, ಬಸ್ಸಿನ ದುಡ್ಡು ಕೈಯಿಂದ ಹಾಕುತ್ತಾರೆ, ಬಂದ ಮೇಲೆ ಅದನ್ನು ಕೇಳಲು ಸಂಕೋಚ ಪಡುತ್ತಾರೆ. ಬಯಲುಸೀಮೆಯ ಶಾಲೆಯವರಿಗೆ ಕರಾವಳಿಗೆ ಹೋಗಿ ಬರುವುದೆಂದರೆ ಒಂದು ದಿನಕ್ಕೆ ಮುಗಿಯುವ ಕೆಲಸವೂ ಅಲ್ಲ. ದಾರಿಯುದ್ದಕ್ಕೂ ಇರುವ ಎಲ್ಲ ಜಾಗಗಳನ್ನೂ ನೋಡಿ ಬನ್ನಿ ಎನ್ನುವುದು ಅನ್ಯಾಯ. ನೀರಿರುವ ಕಡೆ, ಗುಂಪು ಒಡೆಯಲೇಬೇಕಾದ ಕಡೆ, ಇವನ್ನಷ್ಟೇ ನೋಡಿ ಬಂದರೆ ಸಾಕು, ಎರಡೂ ಸೇರಿರುವ ಲೈಟ್‌ಹೌಸಿನಂಥ ಜಾಗವನ್ನು ನೋಡದೆ ಬಿಡಬಾರದು. ಅದೂ ಆಗದಿದ್ದರೆ ಆ ಜಾಗವನ್ನು ಪಟ್ಟಿಯಿಂದ ತೆಗೆಯುವುದೇ ಸರಿ. ಹೀಗೆ ಮೊದಲೇ ನೋಡಿ ಬರುವ ಅಗತ್ಯ ಮುಂದೆ ಹೆಚ್ಚುವುದೇ ಹೊರತು ಕಡಿಮೆಯಾಗದು. ದೀಪಸ್ತಂಭಗಳ 1927ರ ಹಳೆಯ ಕಾಯಿದೆಯ ಜಾಗಕ್ಕೆ 2021ರಲ್ಲಿ ಹೊಸ ಕಾಯಿದೆ ಬಂದಿದೆ, 2024ರ ಫೆಬ್ರವರಿಯಲ್ಲಿ ದೇಶದ 75 ದೀಪಸ್ತಂಭಗಳನ್ನು ಪ್ರವಾಸಿ ಸೌಲಭ್ಯಗಳ ಸಮೇತ ಲೋಕಾರ್ಪಣೆ ಮಾಡಲಾಗಿದೆ. ಒಬ್ಬಿಬ್ಬರಿಗಾಗಿ ಮಾಡಿದ ಮೆಟ್ಟಿಲುಗಳ ಬುಡಕ್ಕೆ ಇನ್ನು ಮುಂದೆ ಇನ್ನಷ್ಟು ಬಸ್ಸುಗಳು ಬಂದು ನಿಲ್ಲುತ್ತವೆ. ಇದು ಸಂತೋಷದ ವಿಷಯ. ನಮ್ಮ ಮಕ್ಕಳು ಕಡಲನ್ನೂ ಅದಕ್ಕೆ ದಾರಿ ತೋರುವ ದೀಪವನ್ನೂ ನೋಡಬೇಕು. ಅದಕ್ಕಾಗಿ ಮುಖ್ಯೋಪಾಧ್ಯಾಯರಲ್ಲಿ, ಸಂಘಗಳ ಕಾರ್ಯದರ್ಶಿಗಳಲ್ಲಿ ಕೇಳಿಕೊಳ್ಳುವುದು ಇಷ್ಟು: ಈ ಸಲ ಪ್ರವಾಸದ ಅಂದಾಜು ಪಟ್ಟಿ ಬರೆಯುವಾಗ ಮೊದಲ ಸಾಲಿನಲ್ಲೇ ಇಬ್ಬರು ಎರಡು ವಾರ ಮುಂಚೆ ಹೋಗಿ ಬರುವ ಖರ್ಚನ್ನು ಸೇರಿಸಿ, ಆ ದಿನವನ್ನು ಅವರಿಗೆ ಕರ್ತವ್ಯದ ದಿನವೆಂದೇ (ಒಒಡಿ) ಕೊಡಿ, ಪ್ರವಾಸದ ದಿನ ಆ ಇಬ್ಬರನ್ನೂ ಬಂಡೆಯ ಬುಡದಲ್ಲೇ ನಿಲ್ಲಿಸಿ.